ನಮ್ಮೂರ ಸರ್ಕಾರಿ ಶಾಲೆ: ನಲಿಕಲಿ ತರಗತಿ, ಎರಡು ದಿನದ ಶಿಬಿರ, ಒಂದಿಷ್ಟು ದೂರು

ಕೊಡಗಿನ ಸಿದ್ದಾಪುರದ ಸುತ್ತಮುತ್ತ ಮಕ್ಕಳನ್ನು ಯಾವ ಶಾಲೆಗೆ ಸೇರಿಸೋಣ ಅಂತ ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾರೆ. ಮಗಳು ಐದನೇ ತರಗತಿ, ಮಗ ಎರಡನೇ ತರಗತಿ. ನಮ್ಮ ಮನೆಯವರು ಕಾಫಿ ತೋಟದಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಶಾಲೆಯ ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಳಗೆ ದೂರುಗಳೂ ಇವೆ. ಊರಿನವರಿಗೆ ಯಾವ ಶಾಲೆ ಅಂತ ಹೇಗೂ ಗೊತ್ತಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನನಗೆ ಈ ಶಾಲೆ ಇಷ್ಟ. ಇಲ್ಲಿ ಪಾಠ ಶುರುವಾಗುವುದೇ ನಮ್ಮ ಊರಿನಿಂದ. ತೋಟ, ಹೊಳೆ, ಮಳೆ, ಆನೆ ಎಲ್ಲವೂ ತರಗತಿಯೊಳಗೆ ಬರುತ್ತವೆ. ಜನವರಿಯಲ್ಲಿ ನಡೆದ ಶಿಬಿರದಲ್ಲಿ ಇದು ಇನ್ನೂ ಚೆನ್ನಾಗಿ ಕಂಡಿತು. ಆದರೆ ಚಿಕ್ಕ ತರಗತಿಗಳಲ್ಲಿ ಇರುವ ಈ ಗುಣ ದೊಡ್ಡ ತರಗತಿಗಳಲ್ಲಿ ಅಷ್ಟಾಗಿ ಉಳಿದಿಲ್ಲ.

ಒಂದರಿಂದ ಮೂರನೇ ತರಗತಿಯವರೆಗೆ ಇಲ್ಲಿ ನಲಿಕಲಿ, ಅಂದರೆ ಕಾರ್ಡುಗಳ ಸಹಾಯದಿಂದ ನಲಿಯುತ್ತಾ ಕಲಿಯುವ ಪದ್ಧತಿ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಮೊದಲ ಸಲ ನೋಡಿದವರಿಗೆ ಸಂತೆ ಅನ್ನಿಸಬಹುದು. ಒಬ್ಬ ಮಣಿ ಎಣಿಸುತ್ತಿರುತ್ತಾನೆ, ಇನ್ನೊಬ್ಬಳು ಗೋಡೆಯ ಕೆಳಭಾಗದ ಕಪ್ಪು ಹಲಗೆಯಲ್ಲಿ ಬರೆಯುತ್ತಿರುತ್ತಾಳೆ, ಮತ್ತೊಂದು ಗುಂಪು ಟೀಚರ್ ಸುತ್ತ ಕೂತಿರುತ್ತದೆ. ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿ. ಪ್ರತಿ ಮಗುವಿಗೂ ತಾನು ಯಾವ ಕಾರ್ಡು ತೆಗೆದುಕೊಳ್ಳಬೇಕು, ಯಾವ ತಟ್ಟೆಯಲ್ಲಿ (ಗುಂಪಿಗೆ ಇಲ್ಲಿ ತಟ್ಟೆ ಅನ್ನುತ್ತಾರೆ) ಕೂರಬೇಕು ಅಂತ ಗೊತ್ತಿದೆ. ಗೋಡೆಯ ಮೇಲೆ ಕಲಿಕಾ ಏಣಿ ಇದೆ. ಒಂದು ಮೆಟ್ಟಿಲು ಮುಗಿದರೆ ಮುಂದಿನದು. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಮಾಡಿದ ಚಿತ್ರ, ಎಲೆ, ಕಾಗದದ ಹಕ್ಕಿ ತೂಗಾಡುತ್ತವೆ. ಬೆಳಿಗ್ಗೆ ಬಂದ ಕೂಡಲೇ ಹವಾಮಾನ ನಕ್ಷೆಯಲ್ಲಿ ಇವತ್ತು ಬಿಸಿಲೋ ಮೋಡವೋ ಮಳೆಯೋ ಅಂತ ಗುರುತು ಹಾಕುತ್ತಾರೆ. ಜೂನ್, ಜುಲೈ, ಆಗಸ್ಟ್‌ನ ನಕ್ಷೆ ನೋಡಿದರೆ ಬರೀ ಕೊಡೆಗಳು!

ಅಕ್ಷರ ಕಲಿಸುವ ಕ್ರಮ ನಮ್ಮ ಅತ್ತೆಗೆ ಮೊದಲು ಒಪ್ಪಿಗೆಯಾಗಲಿಲ್ಲ. 'ಅ ಆ ಇ ಈ' ಬಿಟ್ಟು 'ರ ಗ ಸ ದ ಅ' ಅಂತ ಶುರು ಮಾಡುತ್ತಾರಲ್ಲ, ಅದಕ್ಕೆ. ಆದರೆ ಈ ಐದು ಅಕ್ಷರ ಬಂದ ಕೂಡಲೇ ಮಗು ಸರ, ದರ, ಅರಸ, ಗರಗಸ ಅಂತ ಓದಿಬಿಡುತ್ತದೆ. ಪೂರ್ತಿ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ನನ್ನ ಮಗ ತೋಟದ ಸ್ಟೋರಿನಲ್ಲಿ ಗರಗಸ ತೋರಿಸಿ ಅದರ ಹೆಸರನ್ನು ನೆಲದ ಮೇಲೆ ಬರೆದ ದಿನ ಅತ್ತೆಯೇ ಪಕ್ಕದ ಮನೆಯವರನ್ನು ಕರೆದು ತೋರಿಸಿದರು.

ನಲಿಕಲಿ ಶುರುವಾಗಿದ್ದು ನಮ್ಮ ಪಕ್ಕದಲ್ಲೇ. ನಾಗರಹೊಳೆ ಕಾಡಿನ ಆಚೆ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಯುನಿಸೆಫ್ ನೆರವಿತ್ತು. ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಕಾರ್ಡು ಪದ್ಧತಿ ನೋಡಿ ಬಂದು ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಮಾಡಿಕೊಂಡರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಕೊಡಗಿಗೆ ಇದು ಎಷ್ಟು ಸರಿಹೊಂದುತ್ತದೆ ಅಂತ ಇಲ್ಲಿರುವವರಿಗೆ ಮಾತ್ರ ಗೊತ್ತು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ರಜೆ ಇಲ್ಲದ ದಿನವೂ ತೋಡು ತುಂಬಿ ಹರಿದರೆ ಆಚೆ ಕಡೆಯ ಮಕ್ಕಳು ಬರುವುದಿಲ್ಲ. ದಾರಿಯಲ್ಲಿ ಆನೆ ನಿಂತಿದ್ದರೆ ಇಡೀ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಮಕ್ಕಳೇ ಬರುವುದಿಲ್ಲ. ಕಾಫಿ ಕೊಯ್ಲು ಬಂದರೆ ಕೆಲವು ಮನೆಯವರು ಬೇರೆ ತೋಟಕ್ಕೆ ಹೋಗುತ್ತಾರೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಬೇರೆ ಪದ್ಧತಿಯಲ್ಲಾದರೆ ಹೀಗೆ ತಪ್ಪಿದ ಪಾಠ ತಪ್ಪಿದ್ದೇ. ಇಲ್ಲಿ ಮಗು ವಾಪಸ್ ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಕಾರ್ಡು ಎತ್ತಿಕೊಳ್ಳುತ್ತದೆ. ಯಾರೂ ಹಿಂದುಳಿದವನು ಅಂತ ಕರೆಯುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ಆಡುವ ಭಾಷೆ ಒಂದೇ ಅಲ್ಲ. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ತಮಿಳು, ತುಳು, ಈಗ ಅಸ್ಸಾಮಿನಿಂದ ಬಂದವರ ಮಾತು. ಒಂದನೇ ತರಗತಿಯ ಟೀಚರ್ ಯಾವ ಮಗುವಿಗೂ 'ಕನ್ನಡದಲ್ಲೇ ಮಾತಾಡು' ಅಂತ ಗದರಿದ್ದನ್ನು ನಾನು ಕೇಳಿಲ್ಲ. ಮಗು ತನ್ನ ಮಾತಿನಲ್ಲಿ ಹೇಳಲಿ ಅಂತ ಬಿಡುತ್ತಾರೆ. ಗೊತ್ತಾಗದಿದ್ದರೆ ಅದೇ ಭಾಷೆ ಬರುವ ದೊಡ್ಡ ಮಗುವನ್ನು ಕರೆದು ಪಕ್ಕ ಕೂರಿಸುತ್ತಾರೆ. ದೀಪಾವಳಿ ಹೊತ್ತಿಗೆ ಆ ಮಗುವೇ ಕನ್ನಡದಲ್ಲಿ ಜಗಳ ಆಡುತ್ತಿರುತ್ತದೆ.

ಈಗ ದೊಡ್ಡ ತರಗತಿಗಳ ಮಾತು. ನಾಲ್ಕನೇ ತರಗತಿಗೆ ಹೋದ ಮೊದಲ ವಾರ ನನ್ನ ಮಗಳು ಕೇಳಿದಳು, "ಅಮ್ಮ, ನಮ್ಮ ಏಣಿ ಎಲ್ಲಿ ಹೋಯ್ತು?" ಕಾರ್ಡು ಇಲ್ಲ, ತಟ್ಟೆ ಇಲ್ಲ, ಬೆಂಚಿನ ಮೇಲೆ ಸಾಲಾಗಿ ಕೂರಬೇಕು, ಹಲಗೆ ನೋಡಿ ಬರೆಯಬೇಕು. ಪ್ರಶ್ನೋತ್ತರ ಕಾಪಿ ಮಾಡುವುದೇ ಜಾಸ್ತಿ. ಮೂರು ವರ್ಷ ತಾನೇ ಎದ್ದು ಹೋಗಿ ಕಲಿತ ಮಗುವನ್ನು ಒಮ್ಮೆಗೇ ಹಾಗೆ ಕೂರಿಸಿದರೆ ಹೇಗೆ? ಅವಳಿಗೆ ಹೊಂದಿಕೊಳ್ಳಲು ತುಂಬಾ ಕಷ್ಟವಾಯಿತು. ಟೀಚರ್‌ಗಳಿಗೂ ಇದು ಗೊತ್ತಿದೆ. ಆದರೆ ಇರುವವರು ಕಡಿಮೆ. ಒಬ್ಬರು ತರಬೇತಿಗೋ ಸಮೀಕ್ಷೆಗೋ ಹೋದರೆ ಎರಡು ತರಗತಿ ಒಟ್ಟಿಗೆ ಕೂರುತ್ತವೆ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿರುತ್ತದೆ. ಇದು ಒಂದು ಶಾಲೆಯ ತಪ್ಪಲ್ಲ, ಆದರೂ ನಷ್ಟ ನಮ್ಮ ಮಕ್ಕಳಿಗೇ ಅಲ್ವಾ.

ಐದನೇ ತರಗತಿಗೆ ಬಂದ ಮೇಲೆ ಪರಿಸರ ಅಧ್ಯಯನದ ಟೀಚರ್ ಸ್ವಲ್ಪ ಬೇರೆ ರೀತಿ ಮಾಡಿದರು. ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬಿಡಿಸಿ ತನ್ನಿ ಅಂದರು. ಮೋರಿ, ಅಂಗಡಿ, ದೇವರ ಬನ, ತೋಟದ ಗೇಟು, ನಾಯಿ ಇರುವ ಮನೆ ಎಲ್ಲ ಬರೆಯಬೇಕು. ಆನೆ ದಾಟುವ ಜಾಗಕ್ಕೆ ಕೆಂಪು ಗುರುತು. ನನ್ನ ಮಗಳು ಅಪ್ಪನನ್ನು ಕರೆದುಕೊಂಡು ದಾರಿಯನ್ನು ಹೆಜ್ಜೆಯಲ್ಲಿ ಅಳೆದಳು. ಎಲ್ಲರ ನಕ್ಷೆಯನ್ನೂ ಸೇರಿಸಿ ಒಂದು ದೊಡ್ಡ ಹಾಳೆ ಮಾಡಿ ಗೋಡೆಗೆ ಅಂಟಿಸಿದ್ದಾರೆ. ಅದರಲ್ಲಿ ಇಡೀ ಊರು ಇದೆ. ಕೆಂಪು ಗುರುತುಗಳು ಒಂದರ ಪಕ್ಕ ಒಂದು ಬಂದು ಗೆರೆಯಂತೆ ಕಾಣುತ್ತವೆ. ಆ ಗೆರೆ ಹೊಳೆಯ ಕಡೆ ಹೋಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ತಿಳಿಯಲು ಆಗುತ್ತದಾ?

ಮೆಟ್ರಿಕ್ ಮೇಳವನ್ನೂ ಇಲ್ಲಿ ಚೆನ್ನಾಗಿ ಮಾಡುತ್ತಾರೆ. ಮಕ್ಕಳು ಮನೆಯಲ್ಲಿ ಬೆಳೆದದ್ದನ್ನು ತಂದು ತೂಕ ಮಾಡಿ ಮಾರುತ್ತಾರೆ. ಕಿತ್ತಳೆ, ಬೆಣ್ಣೆಹಣ್ಣು, ಬಾಳೆಕಾಯಿ, ಕೆಸುವಿನ ಸೊಪ್ಪು, ಗಾಂಧಾರಿ ಮೆಣಸು. ನನ್ನ ಮಗಳು ಮೆಣಸಿಗೆ ಕೂತಳು. ಐವತ್ತು ಗ್ರಾಂ ತೂಗುವುದು ಸುಲಭ ಅಂದುಕೊಂಡಿದ್ದಳು. ಒಬ್ಬರು ಐನೂರರ ನೋಟು ಕೊಟ್ಟಾಗ ಚಿಲ್ಲರೆ ಲೆಕ್ಕದಲ್ಲಿ ಬೆವರಿದಳು. ಆದರೂ ಬೇರೆ ಯಾರ ಸಹಾಯವನ್ನೂ ಕೇಳದೆ ಲೆಕ್ಕ ಸರಿಮಾಡಿ ಕೊಟ್ಟಳು.

ಶಿಬಿರದ ವಿಷಯಕ್ಕೆ ಬರುತ್ತೇನೆ. ನಾಲ್ಕರಿಂದ ಏಳನೇ ತರಗತಿಯ ಮಕ್ಕಳಿಗೆ ಎರಡು ದಿನ, ಒಂದು ರಾತ್ರಿ ಶಾಲೆಯಲ್ಲೇ ವಾಸ. ಹೆಣ್ಣುಮಕ್ಕಳ ಕೋಣೆಯಲ್ಲಿ ಟೀಚರ್‌ಗಳ ಜೊತೆ ತಾಯಂದಿರೂ ಇರಬೇಕು ಅಂದರು. ಹಾಗಾಗಿ ನಾನೂ ಉಳಿದೆ. ಕಾವೇರಿ ದಡದ ದುಬಾರೆ ಆನೆ ಕ್ಯಾಂಪಿಗೆ ಹೋಗುವ ಮಿನಿ ಬಸ್ಸಿಗೆ ಮಾತ್ರ ತಲಾ ನೂರು ರೂಪಾಯಿ ಕೇಳಿದರು. ಕೊಡಲು ಆಗದವರ ಪಾಲನ್ನು ಹಳೆ ವಿದ್ಯಾರ್ಥಿಗಳು ಕೊಟ್ಟರು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಅಂತ ಮಕ್ಕಳಿಗೆ ಗೊತ್ತಾಗದ ಹಾಗೆ ನೋಡಿಕೊಂಡರು. ಇದಕ್ಕೆ ಹೆಡ್ ಮೇಷ್ಟ್ರಿಗೆ ದೊಡ್ಡ ನಮಸ್ಕಾರ.

ದುಬಾರೆ ನಮಗೇನು ಹೊಸದಲ್ಲ. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇವೆ. ಬೋಟಿನಲ್ಲಿ ಕಾವೇರಿ ದಾಟುವುದು, ಆನೆಗೆ ಸ್ನಾನ ಮಾಡಿಸುವುದನ್ನು ನೋಡುವುದು, ಫೋಟೋ ತೆಗೆಯುವುದು, ವಾಪಸ್ ಬರುವುದು. ಶಿಬಿರದವರು ಹಾಗೆ ಮಾಡಲಿಲ್ಲ. ಪ್ರತಿ ಗುಂಪಿಗೂ ಒಂದು ನೋಟ್ ಪುಸ್ತಕ, ಒಂದೊಂದು ಕೆಲಸ. ಒಂದು ಗುಂಪು ಆನೆಯ ಕಾಲಿನ ಉಗುರು ಎಣಿಸಬೇಕು. ಇನ್ನೊಂದು ಗುಂಪು ಆನೆ ಏನೇನು ತಿನ್ನುತ್ತದೆ ಅಂತ ಬರೆಯಬೇಕು. ಮತ್ತೊಂದು ಗುಂಪು ಮಾವುತರ ಹತ್ತಿರ, ಅವರ ಸಹಾಯಕರಾದ ಕಾವಾಡಿಗಳ ಹತ್ತಿರ ಅವರ ಒಂದು ದಿನದ ಕೆಲಸ ಕೇಳಬೇಕು. ಅಲ್ಲಿನ ಮಾವುತರಲ್ಲಿ ಜೇನುಕುರುಬರೇ ಜಾಸ್ತಿ. ಮೈಸೂರು ದಸರೆಗೆ ಇಲ್ಲಿಂದಲೂ ಆನೆಗಳು ಹೋಗುತ್ತವೆ. ಅದರ ಬಗ್ಗೆ ಮಕ್ಕಳು ಕೇಳಿದ ಪ್ರಶ್ನೆಗೆ ಕೊನೆಯೇ ಇರಲಿಲ್ಲ. ಲಾರಿ ಹತ್ತುವಾಗ ಹೆದರುತ್ತದಾ? ಪಟಾಕಿ ಸದ್ದಿಗೆ ಏನು ಮಾಡುತ್ತದೆ? ನೀವು ಎಲ್ಲಿ ಮಲಗುತ್ತೀರಿ? ಮಾವುತರೂ ತಾಳ್ಮೆಯಿಂದ ಉತ್ತರ ಕೊಟ್ಟರು.

ಉಗುರಿನ ವಿಷಯದಲ್ಲಿ ಜಗಳವೇ ಆಯಿತು. ಮುಂದಿನ ಕಾಲಿಗೆ ಐದು, ಹಿಂದಿನ ಕಾಲಿಗೆ ನಾಲ್ಕು ಅಂತ ಒಂದು ಗುಂಪು. ನಾವು ನೋಡಿದ ಆನೆಗೆ ಹಿಂದೆಯೂ ಐದಿತ್ತು ಅಂತ ಇಬ್ಬರು ಹುಡುಗರು. ಟೀಚರ್ ತೀರ್ಪು ಕೊಡಲಿಲ್ಲ. ಮತ್ತೆ ಹೋಗಿ ನೋಡಿ ಬನ್ನಿ ಅಂದರು. ಮಾವುತರು ನಗುತ್ತಾ, ಸಾಮಾನ್ಯವಾಗಿ ಹದಿನೆಂಟು, ಆದರೆ ಎಲ್ಲ ಆನೆಗೂ ಒಂದೇ ತರ ಇರುವುದಿಲ್ಲ ಅಂದರು. ಇಬ್ಬರು ಹುಡುಗರ ಮುಖ ನೋಡಬೇಕಿತ್ತು!

ಆದರೆ ನನ್ನ ಪ್ರಕಾರ ಇಡೀ ಶಿಬಿರದಲ್ಲಿ ಅತಿ ಮುಖ್ಯವಾದದ್ದು ಮಧ್ಯಾಹ್ನದ ಪಾಠ. ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಬಂದಿದ್ದರು. ಭಾಷಣ ಮಾಡಲಿಲ್ಲ. ನೇರವಾಗಿ ಐದನೇ ತರಗತಿಯ ಗೋಡೆಯ ನಕ್ಷೆ ಮುಂದೆ ನಿಂತರು. ಕೆಂಪು ಗುರುತುಗಳನ್ನು ತುಂಬಾ ಹೊತ್ತು ನೋಡಿದರು. ಇಲ್ಲಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತೀರಿ, ಎಷ್ಟು ಜನ ಒಟ್ಟಿಗೆ ಬರುತ್ತೀರಿ ಅಂತ ಒಬ್ಬೊಬ್ಬರನ್ನೇ ಕೇಳಿದರು. ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸಿದರು. ಆನೆಗೆ ಕಣ್ಣಿಗಿಂತ ಮೂಗು ಚುರುಕು, ಹಾಗಾಗಿ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಮೊದಲು ನೋಡಬೇಕು. ಒಣ ಮಣ್ಣನ್ನು ಚಿಟಿಕೆಯಷ್ಟು ಮೇಲಿಂದ ಬಿಟ್ಟು ಗಾಳಿಯ ದಿಕ್ಕು ನೋಡುವುದನ್ನು ಹೇಳಿಕೊಟ್ಟರು. ಒಬ್ಬರೇ ಬರಬೇಡಿ, ಗುಂಪಿನಲ್ಲಿ ಮಾತಾಡುತ್ತಾ ಬನ್ನಿ. ಆನೆ ಕಂಡರೆ ಕಿರುಚಬೇಡಿ, ಕಲ್ಲು ಎಸೆಯಬೇಡಿ, ಮೊಬೈಲ್ ಎತ್ತಬೇಡಿ, ಮೆಲ್ಲಗೆ ಹಿಂದೆ ಸರಿಯಿರಿ. ಮರಿ ಕಂಡರೆ ತಾಯಿ ಹತ್ತಿರದಲ್ಲೇ ಇದೆ ಅಂತ ತಿಳಿಯಿರಿ. ಮನೆ ಹತ್ತಿರ ಹಲಸಿನ ಹಣ್ಣು ಕೊಳೆಯಲು ಬಿಡಬೇಡಿ.

ಆಮೇಲೆ ತೋಟದ ದಾರಿಯಲ್ಲಿ ಬಿದ್ದಿದ್ದ ಆನೆ ಲದ್ದಿ ತೋರಿಸಿದರು. ಮೊದಲು ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ಕಡ್ಡಿಯಿಂದ ಬಿಡಿಸಿದಾಗ ಒಳಗೆ ಕಾಫಿ ಬೀಜ! ಹಣ್ಣಾದ ಕಾಫಿಯನ್ನು ಆನೆ ತಿನ್ನುತ್ತದೆ ಅಂತ ತೋಟದ ಮಕ್ಕಳಿಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ. ಮೂಗು ಮುಚ್ಚಿದ್ದವರೆಲ್ಲ ಕಡ್ಡಿ ಹುಡುಕಿಕೊಂಡು ಬಂದರು. ನಮ್ಮ ಭಾಗದಲ್ಲಿ ತೋಟದ ಕೆಲಸಕ್ಕೆ ಹೋದವರು ಆನೆಗೆ ಸಿಕ್ಕಿ ಸತ್ತ ಸುದ್ದಿ ಆಗಾಗ ಬರುತ್ತಿರುತ್ತದೆ. ಮಕ್ಕಳು ಹೆದರಿಕೆಯನ್ನು ಮನೆಯಲ್ಲೇ ಕಲಿತಿರುತ್ತಾರೆ. ಹೆದರಿಕೆ ಇಟ್ಟುಕೊಂಡೇ ಏನು ಮಾಡಬೇಕು ಅಂತ ಹೇಳಿಕೊಡುವವರು ಬೇಕಾಗಿತ್ತು. ಮರುದಿನದಿಂದ ನನ್ನ ಮಗಳು ಗೇಟು ದಾಟುವ ಮೊದಲು ಮಣ್ಣು ಬಿಟ್ಟು ನೋಡುತ್ತಾಳೆ. ತಮ್ಮನಿಗೂ ಕಲಿಸಿದ್ದಾಳೆ.

ರಾತ್ರಿ ಊಟಕ್ಕೆ ಚಪಾತಿ, ಕಡಲೆ ಸಾರು. ಅಡುಗೆಯ ಅಕ್ಕಂದಿರ ಜೊತೆ ನಾವೂ ಲಟ್ಟಿಸಿದೆವು. ಚಳಿ ಜೋರಾಗಿತ್ತು. ಬೆಂಕಿ ಹಾಕಿ ಸುತ್ತ ಕೂತು ಹಾಡು, ಒಗಟು, ಕೋಲಾಟ ಎಲ್ಲ ಆಯಿತು. ಆಮೇಲೆ ಏಳನೇ ತರಗತಿಯ ಮೇಷ್ಟ್ರು ಬೆಂಕಿ ಆರಿಸಿ, ಲೈಟು ಎಲ್ಲ ತೆಗೆಸಿ, ಮಕ್ಕಳನ್ನು ಮೈದಾನದಲ್ಲಿ ಮಲಗಿಸಿ ಆಕಾಶ ತೋರಿಸಿದರು. ಆ ಗೊಂಚಲಿನಂತೆ ಇರುವುದು ಕೃತ್ತಿಕೆ. ಅದರ ಈಚೆ ಕೆಂಪಗೆ ಇರುವುದು ರೋಹಿಣಿ. ಸಾಲಾಗಿ ಮೂರು ಚುಕ್ಕಿ ಇರುವ, ಬೇಟೆಗಾರನ ಆಕಾರದ ಮಹಾವ್ಯಾಧನ ಭುಜದಲ್ಲಿ ಕೆಂಪಗೆ ಮಿನುಗುವುದು ಆರಿದ್ರಾ. "ಮೇಷ್ಟ್ರೇ, ಅದು ಮಳೆ ಹೆಸರಲ್ವಾ?" ಅಂತ ಒಬ್ಬ ಹುಡುಗ ಕೇಳಿದ. ಹೌದಪ್ಪಾ, ಸೂರ್ಯ ಆ ನಕ್ಷತ್ರದ ಜಾಗಕ್ಕೆ ಬಂದಾಗ ಬರುವ ಮಳೆಗೆ ಅದೇ ಹೆಸರು, ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಬರುವಾಗ ಈ ಚುಕ್ಕಿ ಹಗಲಿನಲ್ಲಿ ಸೂರ್ಯನ ಜೊತೆ ಇರುತ್ತದೆ, ನಮಗೆ ಕಾಣುವುದಿಲ್ಲ ಅಂದರು. ನಾನೂ ಚಿಕ್ಕಂದಿನಿಂದ ಮಳೆ ಹೆಸರು ಕೇಳಿಕೊಂಡೇ ಬೆಳೆದವಳು. ಚುಕ್ಕಿ ನೋಡಿದ್ದು ಅವತ್ತೇ ಮೊದಲು.

ಶಿಬಿರದ ಸುದ್ದಿ ಪೋಷಕರಿಗೆ ಎರಡು ಕಡೆಯಿಂದ ಬಂತು. ಒಂದು ವಾಟ್ಸಾಪ್ ಗುಂಪಿನ ಫೋಟೋಗಳು. ಎಲ್ಲರೂ ಸಾಲಾಗಿ ನಿಂತಿರುತ್ತಾರೆ, ಮಧ್ಯದಲ್ಲಿ ಬ್ಯಾನರ್. ಇನ್ನೊಂದು ಮಕ್ಕಳೇ ಮಾಡಿದ ಗೋಡೆ ಪತ್ರಿಕೆ. ನನ್ನ ಮಾತು ಕೇಳುವುದಾದರೆ ಗೋಡೆ ಪತ್ರಿಕೆ ಓದಲು ಶಾಲೆಗೇ ಹೋಗಿ. 'ರಾತ್ರಿ ಚಪಾತಿ ಗಟ್ಟಿ ಇತ್ತು. ಆದರೂ ನಾನು ನಾಲ್ಕು ತಿಂದೆ' ಅಂತ ಒಬ್ಬರು ಬರೆದಿದ್ದಾರೆ. 'ಆನೆಗೆ ನಮ್ಮ ಹಾಗೆ ರೆಪ್ಪೆ ಇದೆ, ಉದ್ದ ಇದೆ' ಅಂತ ಇನ್ನೊಬ್ಬರು. 'ಮಲಗುವಾಗ ಅಮ್ಮನ ನೆನಪು ಬಂತು, ಆಮೇಲೆ ಪಕ್ಕದವಳಿಗೂ ಬಂತು' ಅಂತ ನಾಲ್ಕನೇ ತರಗತಿಯ ಹುಡುಗಿ. ಕಾಗುಣಿತದ ತಪ್ಪುಗಳನ್ನು ಟೀಚರ್ ಕೆಂಪು ಪೆನ್ನಿನಲ್ಲಿ ತಿದ್ದಿಲ್ಲ, ಹಾಗೆಯೇ ಬಿಟ್ಟಿದ್ದಾರೆ. ಒಳ್ಳೆಯದು ಮಾಡಿದರು. ತಿದ್ದಿದ್ದರೆ ಮುಂದಿನ ಸಲ ಅರ್ಧ ಮಕ್ಕಳು ಬರೆಯುತ್ತಲೇ ಇರಲಿಲ್ಲ.

ದೂರುಗಳು ಇವು. ಶಿಬಿರಕ್ಕೆ ಏನೇನು ತರಬೇಕು ಅನ್ನುವ ಪಟ್ಟಿ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಬಂತು. ಲೈನ್ ಮನೆಗಳಲ್ಲಿ ರೇಂಜ್ ಸಿಗುವುದಿಲ್ಲ, ಕೆಲವರ ಹತ್ತಿರ ಆ ತರದ ಫೋನೇ ಇಲ್ಲ. ಜನವರಿ ಚಳಿಯಲ್ಲಿ ಕೆಲವು ಮಕ್ಕಳು ಕಂಬಳಿ ಇಲ್ಲದೆ ಬಂದರು. ಟೀಚರ್‌ಗಳು ತಮ್ಮ ಮನೆಯಿಂದ ತರಿಸಿಕೊಟ್ಟರು, ಸರಿ. ಆದರೆ ಒಂದು ವಾರ ಮೊದಲೇ ಚೀಟಿ ಬರೆದು ಮಕ್ಕಳ ಕೈಯಲ್ಲೇ ಕಳಿಸಿದ್ದರೆ ಆ ಮಕ್ಕಳು ಅಷ್ಟು ಹೊತ್ತು ನಡುಗಬೇಕಾಗಿರಲಿಲ್ಲ.

ಹೆಣ್ಣುಮಕ್ಕಳ ಶೌಚಾಲಯಕ್ಕೆ ರಾತ್ರಿ ಲೈಟು ಇರಲಿಲ್ಲ. ನಾವು ತಾಯಂದಿರು ಟಾರ್ಚ್ ಹಿಡಿದು ಸರದಿಯಲ್ಲಿ ಕರೆದುಕೊಂಡು ಹೋದೆವು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಹಗಲು ಶಾಲೆಗೆ ಅದು ಸಾಕಾಗಬಹುದು, ರಾತ್ರಿ ಉಳಿಸಿಕೊಳ್ಳುವಾಗ ಸಾಲದು. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಸಮಾರೋಪವನ್ನಂತೂ ಪೂರ್ತಿ ಬದಲಾಯಿಸಬೇಕು. ಅತಿಥಿಗಳು ತಡವಾಗಿ ಬಂದರು. ಮಕ್ಕಳು ಬಿಸಿಲಿನಲ್ಲಿ ಕೂತೇ ಇದ್ದರು. ಒಬ್ಬರಾದ ಮೇಲೆ ಒಬ್ಬರು ಭಾಷಣ, ಶಾಲು, ಹಾರ. ಮಕ್ಕಳು ತಯಾರಿ ಮಾಡಿಕೊಂಡಿದ್ದ ಆನೆ ನಾಟಕಕ್ಕೆ ಕೊನೆಯಲ್ಲಿ ಸಮಯವೇ ಉಳಿಯಲಿಲ್ಲ, ಅರ್ಧಕ್ಕೆ ನಿಲ್ಲಿಸಿದರು. ನನಗೆ ತುಂಬಾ ಬೇಜಾರಾಯಿತು. ಆ ದಿನ ಮಕ್ಕಳದ್ದು. ಮೊದಲು ನಾಟಕ ಆಗಲಿ, ಆಮೇಲೆ ಸಮಯ ಉಳಿದರೆ ಭಾಷಣ.

ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಸರಿಯಾಗಿ ಕೊಡುತ್ತಾರೆ. ಅದರಲ್ಲಿ ನನ್ನದೇನೂ ತಕರಾರಿಲ್ಲ. ಇಂಗ್ಲಿಷ್ ಬಗ್ಗೆ ಕೇಳುವವರೇ ಜಾಸ್ತಿ ಅಂತ ಗೊತ್ತು. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ, ಅದಕ್ಕೂ ಕಾರ್ಡುಗಳಿವೆ. ನನ್ನ ಮಗ ಹಾಡು ಚೆನ್ನಾಗಿ ಹೇಳುತ್ತಾನೆ. ಮಗಳು ಓದುತ್ತಾಳೆ, ಮಾತಾಡಲು ನಾಚುತ್ತಾಳೆ. ಅಷ್ಟೇ ಹೇಳಬಲ್ಲೆ.

ಸೇರಿಸುವ ಮುಂಚೆ ಒಂದು ದಿನ ಬೆಳಿಗ್ಗೆ ಹೋಗಿ ನಲಿಕಲಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿ. ಆಮೇಲೆ ಐದನೇ ತರಗತಿಗೆ ಹೋಗಿ ಗೋಡೆಯ ನಕ್ಷೆ ನೋಡಿ. ನಾಲ್ಕನೇ ತರಗತಿಗೆ ಈ ವರ್ಷ ಯಾವ ಟೀಚರ್, ಕಾಯಂ ಇದ್ದಾರಾ ಅತಿಥಿಯಾ ಅಂತ ತಪ್ಪದೆ ಕೇಳಿ. ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಜೊತೆಗಿರಲಿ. ಶೌಚಾಲಯದ ಲೈಟಿನ ವಿಷಯ ಪೋಷಕರ ಸಭೆಯಲ್ಲಿ ನಾನು ಎತ್ತುತ್ತೇನೆ. ಅಷ್ಟರೊಳಗೆ ನೀವೂ ಸೇರಿಕೊಂಡಿದ್ದರೆ ಜೊತೆಗೆ ದನಿ ಸೇರಿಸಿ.